ದೊಡ್ಡ ಕಂಬಳಿಯೂ ನನ್ನ ಚಿತ್ರಗೀತೆಯೂ

ನಾನು ಚಿತ್ರಸಾಹಿತಿಯಾಗದೆ ಉಳಿದದ್ದು ಕನ್ನಡ ಚಿತ್ರರಂಗದ ಪುಣ್ಯವೆಂದು ನನ್ನ ಹೆಂಡತಿ ಇಂದಿಗೂ ನಂಬಿದ್ದಾಳೆ. ಈ ವಿಷಯದಲ್ಲಿ ಅವಳದು ಪ್ರತ್ಯಕ್ಷ ಸಾಕ್ಷಿ. ನನ್ನ ಹಾಡುಗಳನ್ನೆಲ್ಲ ಮೊದಲು ಕೇಳಿದವಳು ಅವಳು. ಬಹುಪಾಲು ಹಾಡುಗಳ ಮಟ್ಟಿಗೆ ಕೊನೆಗೆ ಕೇಳಿದವಳೂ ಅವಳೇ.

ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಹಗಲು ಸಂಧಿ ಸಮಾಸ, ಸಂಜೆ ಚಿತ್ರಗೀತೆ. ಬೆಳದಿಂಗಳು, ಬಳ್ಳಿ, ದೋಣಿ ಇವು ಮೂರೂ ಇಲ್ಲದ ಹಾಡನ್ನು ನಾನು ಬರೆದದ್ದೇ ಇಲ್ಲ. ಬೆಳದಿಂಗಳು ಎಲ್ಲರಿಗೂ ಸಿಗುವ ವಸ್ತು. ಬಳ್ಳಿ ಎಂದರೆ ನಮ್ಮ ಹಿತ್ತಲಲ್ಲಿ ಹೀರೇಬಳ್ಳಿಯಿತ್ತು. ದೋಣಿಯದೇ ಕಷ್ಟ. ಮಾರಿಕಣಿವೆಯ ಜಲಾಶಯದಲ್ಲಿ ಒಮ್ಮೆ ದೂರದಿಂದ ತೆಪ್ಪವನ್ನು ಕಂಡಿದ್ದೆ. ಆ ಒಂದು ಅನುಭವದ ಮೇಲೆ ಹದಿನೈದಿಪ್ಪತ್ತು ದೋಣಿಗಳನ್ನು ಹುಟ್ಟು ಹಾಕಿ ನಡೆಸಿದ್ದೆ.

“ಚೆನ್ನಾಗೈತೆ ಕಣ್ರಿ,” ಅನ್ನುತ್ತಿದ್ದಳು ಹೆಂಡತಿ, ರೊಟ್ಟಿ ತಟ್ಟುತ್ತ. “ಆದ್ರೆ ಇದಕ್ಕೆ ಕುಣಿಯೋಳು ಯಾರೋ, ಪಾಪ.”

ಹಾಡು ಬರೆಯುವುದು ಅರ್ಧ ಕೆಲಸ, ಅದನ್ನು ಪರದೆಗೆ ಏರಿಸಬಲ್ಲವರ ಪರಿಚಯ ಸಂಪಾದಿಸುವುದು ಉಳಿದರ್ಧ ಎಂದು ನಾನು ಬಲ್ಲೆ. ಸಂಗೀತ ನಿರ್ದೇಶಕರು ಇರುವುದು ಮದ್ರಾಸಿನಲ್ಲಿ. ಮದ್ರಾಸಿಗೂ ಹೊಳಲ್ಕೆರೆಗೂ ನಡುವೆ ಎಷ್ಟೋ ಜನರಿದ್ದಾರೆ; ಅವರನ್ನು ಒಬ್ಬೊಬ್ಬರಾಗಿ ದಾಟಬೇಕು. ನಾನು ಹಿಡಿದ ಮೊದಲ ಮೆಟ್ಟಿಲು ಚಿತ್ರದುರ್ಗದ ಒಂದು ಲಾಡ್ಜಿನ ಮ್ಯಾನೇಜರು. ಕೋಟೆಯಲ್ಲಿ ಶೂಟಿಂಗಿಗೆ ಬಂದ ಸಿನಿಮಾದವರು ಅಲ್ಲಿಯೇ ಇಳಿಯುತ್ತಿದ್ದರು. ಅವನ ಸ್ನೇಹಕ್ಕಾಗಿ ನಾನು ರಜೆ ಸಿಕ್ಕಾಗಲೆಲ್ಲ ಹಿರಿಯೂರಿನ ಎಳನೀರಿನ ಗೊನೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಡಕ್ಟರು ಒಂದು ದಿನ ತಡೆಯಲಾರದೆ ಕೇಳಿದ.

“ಏನ್ರಿ ಮೇಷ್ಟ್ರೇ, ಪಾಠ ಬಿಟ್ಟು ಯಾಪಾರ ಹಿಡಿದ್ರಾ?”

“ಇಲ್ಲಪ್ಪ. ಸಾಹಿತ್ಯದ ಕೆಲಸ.”

“ಹಂಗಾರೆ ಸಾಹಿತ್ಯಕ್ಕೂ ಲಗೇಜ್ ಚಾರ್ಜ್ ಹಾಕ್ತೀನಿ, ಇರ್ರಿ.”

ಆ ಎಳನೀರು ಕೊನೆಗೂ ಫಲ ಕೊಟ್ಟಿತು. ಒಂದು ಚಿತ್ರದ ತಂಡ ಕೋಟೆಗೆ ಬಂದಾಗ ಮ್ಯಾನೇಜರು ಬಸ್ಸಿನ ಡ್ರೈವರನ ಕೈಲಿ ಸುದ್ದಿ ಕಳಿಸಿದ: ‘ಸಂಗೀತದ ಕಡೆಯೋರು ಒಬ್ರು ಬಂದವ್ರೆ. ರೂಮಲ್ಲಿ ಹಾರ್ಮೋನಿಯಂ ಇಟ್ಕಂಡು ಕುಂತವ್ರೆ. ಬೇಗ ಬರ್ರಿ.’ ನಾನು ಸಿ.ಎಲ್. ಚೀಟಿ ಬರೆದು ಹೆಡ್‌ಮಾಸ್ತರ ಮುಂದೆ ಇಟ್ಟೆ. ಕಾರಣ, ತಲೆನೋವು. ಅವರು ಸಹಿ ಹಾಕುತ್ತ, ತಲೆ ಎತ್ತದೆಯೇ ಕೇಳಿದರು.

“ಹಾಡು ಬಂದರೆ ಪರದೆ ಮೇಲೆ ನಿಮ್ಮ ಹೆಸರಿನ ಕೆಳಗೆ ಶಾಲೆ ಹೆಸರೂ ಹಾಕ್ತಾರೇನ್ರಿ?”

“ಕೇಳಿ ನೋಡ್ತೀನಿ ಸಾರ್,” ಎಂದೆ. ಆ ಕ್ಷಣದಿಂದ ಈ ಕೆಲಸ ನನ್ನೊಬ್ಬನದಾಗಿ ಉಳಿಯಲಿಲ್ಲ. ಒಂದು ವಿದ್ಯಾಸಂಸ್ಥೆಯ ಮರ್ಯಾದೆಯೂ ಅದಕ್ಕೆ ಅಂಟಿಕೊಂಡಿತು.

ಬಂದಿದ್ದವರು ಸಂಗೀತ ನಿರ್ದೇಶಕರಲ್ಲ, ಅವರ ಸಹಾಯಕರು. ಮೈಸೂರು ಕಡೆಯವರು, ಮದ್ರಾಸಿನಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ಮಂಚದ ಮೇಲೆ ಹಾರ್ಮೋನಿಯಂ, ಕಿಟಕಿಯಲ್ಲಿ ಒಣಗಲು ಹಾಕಿದ ಬನಿಯನ್ನು. ನಾನು ನಮಸ್ಕರಿಸಿ, ಎಳನೀರು ಕೊಟ್ಟು, ದೋಣಿಯ ಹಾಡೊಂದನ್ನು ಗಂಭೀರವಾಗಿ ಓದಿದೆ. ಅವರು ಎಳನೀರನ್ನು ಪೂರ್ತಿ ಕುಡಿದು ಮುಗಿಸಿದರು.

“ಟ್ಯೂನ್ ಎಲ್ಲಿ?” ಎಂದರು.

“ಅದು ತಮ್ಮ ಕೆಲಸ ಅಲ್ಲವೇ?”

“ಮೇಷ್ಟ್ರೇ, ನಮ್ಮಲ್ಲಿ ಅಂಗಿ ಮೊದಲು ಹೊಲೀತೀವಿ. ಆಮೇಲೆ ಅದಕ್ಕೆ ಸರಿಹೊಂದೋ ಆಳು ಹುಡುಕ್ತೀವಿ. ನೀವು ಆಳು ಕರಕೊಂಡು ಬಂದಿದ್ದೀರಿ. ಅದೂ ಸ್ವಲ್ಪ ದಪ್ಪ ಆಳು.”

ನಾನು ನಕ್ಕೆ. ಇಂಥ ಸಂದರ್ಭದಲ್ಲಿ ನಗುವುದು ಪರಿಚಯ ಬೆಳೆಸುವ ವಿದ್ಯೆಯ ಮುಖ್ಯ ಅಂಗ. ಅವರು ಆಮೇಲೆ ಒಂದು ವಿಷಯ ಹೇಳಿದರು. ಚಿತ್ರದಲ್ಲಿ ಒಂದು ಹಾಡಿನ ಜಾಗ ಇನ್ನೂ ಖಾಲಿ ಇತ್ತು. ಪಟ್ಟಣದ ನಾಯಕಿ ಗಾಡಿಯಲ್ಲಿ ಹಳ್ಳಿಗೆ ಬರುವ ಸನ್ನಿವೇಶ. ಅಲ್ಲಿಗೆ ಅಪ್ಪಟ ಹಳ್ಳಿ ಹಾಡು ಬೇಕು. ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಮರುದಿನ ಅವರು ಮದ್ರಾಸಿಗೆ ಹೊರಟಿದ್ದರು.

“ನಿಮ್ಮ ಕಡೆ ಹಾಡೋರು ಯಾರಾದರೂ ಇದ್ದಾರೆಯೇ?”

ನಮ್ಮದು ಕುರಿ ಕಾಯುವ ಮನೆತನ. ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಹಟ್ಟಿ. ನನ್ನ ದೊಡ್ಡಪ್ಪ ಅಲ್ಲಿ ದೇವರ ಪದ ಹೇಳುವವರು. ಆದರೆ ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬಂದದ್ದು ದೊಡ್ಡಪ್ಪನಲ್ಲ, ಹಟ್ಟಿ ಮಾತ್ರ. ಇವರನ್ನು ಅಲ್ಲಿಗೆ ಕರೆದೊಯ್ದು, ಕುರಿ, ಬೇಲಿ, ಕಂಬಳಿ ಎಲ್ಲದರ ನಡುವೆ ಕೂರಿಸಿ, ನನ್ನ ಹಾಡನ್ನೇ ಹಾಡಿದರೆ ಅದು ತಾನಾಗಿ ಹಳ್ಳಿ ಹಾಡಾಗುತ್ತದೆ. ಹಾಡಿಗೆ ಊರು ತಗಲಿಸುವ ಈ ಉಪಾಯ ಹೊಳೆದದ್ದಕ್ಕೆ ನನಗೆ ನನ್ನ ಮೇಲೆಯೇ ಗೌರವ ಬಂತು. ಬೆಳಿಗ್ಗೆ ತಂಡದ ಕಾರಿನಲ್ಲಿ ಹಟ್ಟಿಗೆ ಬರುವುದು, ಒಂದು ಗಂಟೆ ಕೂರುವುದು, ಹಿರಿಯೂರಿಗೆ ಹಿಂತಿರುಗಿ ಮಧ್ಯಾಹ್ನದ ಬೆಂಗಳೂರು ಬಸ್ಸು ಹಿಡಿಯುವುದು ಎಂದು ಅವರು ಒಪ್ಪಿದರು.

ನಾನು ಅಂದೇ ಹಟ್ಟಿಗೆ ಹೊರಟೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಹಾಡನ್ನು ತಿದ್ದಿದೆ. ದೋಣಿ ಇದ್ದ ಕಡೆಯಲ್ಲೆಲ್ಲ ಕುರಿ ಹಾಕಿದೆ. ಪ್ರಾಸ ಒಂದೆರಡು ಕಡೆ ಕುಂಟಿತು. ಕುರಿಯೂ ಕುಂಟುವುದುಂಟು ಎಂದು ಬಿಟ್ಟೆ.

ದೊಡ್ಡಪ್ಪ ಬೇಲಿಯ ಮುಳ್ಳು ಸರಿಮಾಡುತ್ತಿದ್ದರು. ವಿಷಯವನ್ನು ಬಿಡಿಸಿ ಹೇಳಿದೆ. ಮದ್ರಾಸಿನ ದೊಡ್ಡ ಮನುಷ್ಯರು ಬರುತ್ತಾರೆ, ಹಾಡು ಕೇಳುತ್ತಾರೆ, ಕೂರಲು ಒಳ್ಳೆಯ ಏರ್ಪಾಡಾಗಬೇಕು.

“ಬರ್ಲಿ ಬಿಡು,” ಅಂದರು. “ನನ್ನ ಹೆಗಲ ಕಂಬಳಿ ಹಾಸಾಣ.”

“ಹೆಗಲ ಕಂಬಳಿನಾ? ಮದ್ರಾಸಿನೋರು ದೊಡ್ಡಪ್ಪ. ದೇವ್ರ ಗುಡಿಸ್ಲಾಗೆ ದೊಡ್ಡ ಕಂಬಳಿ ಐತಲ್ಲ, ಅದನ್ನ ಹಾಸ್ಬೇಕು.”

ದೊಡ್ಡಪ್ಪ ಮುಳ್ಳನ್ನು ಕೆಳಗಿಟ್ಟು ನನ್ನನ್ನು ನೋಡಿದರು.

“ದೊಡ್ಡದು ಹಾಸಿದ್ರೆ ಏನು ಅಂತ ಗೊತ್ತೈತೇನಲೇ?”

“ಗೊತ್ತು ದೊಡ್ಡಪ್ಪ.”

“ಯೋಚ್ನೆ ಮಾಡಿ ಹೇಳು.”

“ಹಾಸು ಅಂದ್ನಲ್ಲ.”

ನನಗೆ ಗೊತ್ತಿದ್ದದ್ದು ಇಷ್ಟೇ: ಅದು ಕರಿ ಉಣ್ಣೆಯ ಭಾರಿ ಕಂಬಳಿ, ಅಂಚಿನಲ್ಲಿ ಬಿಳಿಯ ಪಟ್ಟಿ, ಸಣ್ಣವನಿದ್ದಾಗ ಅದನ್ನು ಕಂಡರೆ ಕೈ ಮುಗಿಯುತ್ತಿದ್ದೆವು. ಹಾಸ್ಟೆಲ್ಲಿಗೆ ಸೇರಿದ ಮೇಲೆ ನಾನು ಅದನ್ನು ಕಂಡಿರಲಿಲ್ಲ. ಆದರೆ ಮೇಷ್ಟ್ರಾದವನ ಬಾಯಿಗೆ ‘ಗೊತ್ತಿಲ್ಲ’ ಎಂಬ ಪದ ಹತ್ತಿರ ಬರುವುದಿಲ್ಲ. ಅದನ್ನು ಹೇಳುವುದು ವಿದ್ಯಾರ್ಥಿಗಳ ಕೆಲಸ.

ಮರುದಿನ ಬೆಳಿಗ್ಗೆ ಕಾರು ಬಂತು. ಸಹಾಯಕರು ಬೇಲಿಯ ಹೊರಗೆ ಬೂಟು ಬಿಚ್ಚಿ, ಪಂಚೆ ಎತ್ತಿ ಕಟ್ಟಿದವರಂತೆ ಪ್ಯಾಂಟನ್ನು ಮಡಿಸಿ ಒಳಗೆ ಬಂದರು. ಡ್ರೈವರು ತನಗೆ ಹಾಡು ಬೇಡವೆಂದು ಕಾರಿನಲ್ಲೇ ಉಳಿದ. ಗುಡಿಸಲಿನ ಮುಂದೆ ದೊಡ್ಡ ಕಂಬಳಿ ಹಾಸಿತ್ತು. ಸಹಾಯಕರು ಅದರ ಅಂಚನ್ನು ಮುಟ್ಟಿ ನೋಡಿ ಮೆಚ್ಚಿ ಕೂತರು. ಪಕ್ಕದಲ್ಲಿ ನಾನು ಕೂತೆ. ಎದುರಿಗೆ ದೊಡ್ಡಪ್ಪ, ಅವರ ಕೈಯಲ್ಲಿ ಆಳುದ್ದದ ಬಿದಿರಿನ ಕೊಳಲು. ಅದಕ್ಕೆ ಗಣೆ ಅನ್ನುತ್ತೇವೆ. ಹಿಂದೆ ಸೊಲ್ಲು ಹಿಡಿಯುವವರು, ಅಂದರೆ ಪದದ ಪಲ್ಲವಿಯನ್ನು ಎತ್ತಿಕೊಂಡು ಹೇಳುವವರು, ನಾಲ್ಕಾರು ಜನ.

ನಾನು ಕಾಗದ ತೆಗೆದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ದೊಡ್ಡಪ್ಪ ಕಣ್ಣು ಮುಚ್ಚಿ “ಹೋ” ಎಂದು ಒಂದು ಸ್ವರ ಎತ್ತಿದರು. ಹಟ್ಟಿಯ ಆ ಕೊನೆಯಲ್ಲಿದ್ದ ಕುರಿಗಳು ತಲೆ ಎತ್ತಿದವು.

“ದೊಡ್ಡಪ್ಪ, ಮೊದ್ಲು ನಂದೊಂದು ಆಗ್ಲಿ,” ಎಂದು ಪಿಸುಗುಟ್ಟಿದೆ.

“ಸುಮ್ಕಿರಲೇ. ಕಂಬಳಿ ಹಾಸೈತೆ.”

ಆಮೇಲೆ ಅವರು ಅತಿಥಿಗಳಿಗೆ ಕ್ರಮ ತಿಳಿಸಿದರು. ದೊಡ್ಡ ಕಂಬಳಿ ಹಾಸಿದರೆ ದೇವರ ಪದ ಆದಿಯಿಂದ ಅಂತ್ಯದವರೆಗೆ ಆಗಬೇಕು. ಅದರ ಮೇಲೆ ಕೂತವರು ಮಂಗಳ ಆಗುವ ತನಕ ಏಳಬಾರದು. ನಡುವೆ ಯಾರಾದರೂ ಎದ್ದರೆ ಪದ ಮೊದಲಿಂದ. ಸಹಾಯಕರು ಬಹಳ ಸಂತೋಷಪಟ್ಟರು. “ಎಂಥ ಸೊಗಸಾದ ಪದ್ಧತಿ,” ಎಂದರು. ನಾನೂ ತಲೆಯಾಡಿಸಿದೆ. ನನಗೂ ಅದು ಆಗಲೇ ತಿಳಿದದ್ದು.

ಮೊದಲ ಅರ್ಧ ಗಂಟೆ ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎರಡನೆಯ ಅರ್ಧ ಗಂಟೆಯಲ್ಲಿ ಒಂದು ಕಣ್ಣು ತೆರೆಯಿತು. ಆಮೇಲೆ ಗಡಿಯಾರ ನೋಡಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಈಗ ಕತೆ ಎಲ್ಲಿಗೆ ಬಂತು ಮೇಷ್ಟ್ರೇ?”

“ದೇವರ ಅಜ್ಜನ ಮದುವೆಗೆ ಹೆಣ್ಣು ನೋಡೋಕೆ ಹೊರಟಿದ್ದಾರೆ.”

“ಅಜ್ಜನ? ಹಾಗಾದರೆ ಹೀರೋ ಎಂಟ್ರಿ?”

“ಇನ್ನೂ ಅವರಪ್ಪ ಹುಟ್ಟಬೇಕು.”

ಹೆಣ್ಣು ಒಪ್ಪಿಗೆಯಾಗಿ, ಮದುವೆಯಾಗಿ, ಅಪ್ಪ ಹುಟ್ಟಿ ಬೆಳೆದು, ದೇವರು ಹುಟ್ಟುವ ಸೂಚನೆಗಳು ಆಕಾಶದಲ್ಲಿ ಕಾಣಿಸಿಕೊಂಡ ಹೊತ್ತಿಗೆ ಹೊರಗೆ ಡ್ರೈವರು ಹಾರನ್ ಒತ್ತಿದ. ಬಸ್ಸಿನ ಹೊತ್ತು. ಸಹಾಯಕರು ಅಭ್ಯಾಸಬಲದಿಂದ ತಟ್ಟನೆ ಎದ್ದು ನಿಂತರು.

ಪದ ನಿಂತಿತು. ದೊಡ್ಡಪ್ಪ ಗಣೆಯನ್ನು ನೆಲಕ್ಕೆ ಊರಿ, ಸೊಲ್ಲಿನವರ ಕಡೆ ತಿರುಗಿ, ಯಾವ ಕೋಪವೂ ಇಲ್ಲದೆ ಹೇಳಿದರು.

“ಎದ್ರು. ಮೊದ್ಲಿಂದ.”

“ಅಯ್ಯೋ ಯಜಮಾನರೇ, ನಾನು ಬಸ್ಸಿಗೆ ಹೋಗಬೇಕು.”

“ಕುಂತ್ಕಳ್ರಿ. ದೇವ್ರು ಹುಟ್ಟೋ ಹೊತ್ನಾಗೆ ಎದ್ದು ಹೋಗೋದು ನಿಮ್ಮಂಥೋರಿಗೆ ಚಂದಲ್ಲ.”

ಅವರು ಕೂತರು. ನನ್ನ ತೋಳು ಹಿಡಿದು, “ಮೇಷ್ಟ್ರೇ, ಸಂಕ್ಷೇಪವಾಗಿ ಹೇಳೋಕೆ ಕೇಳಿ,” ಎಂದರು. ಅವರ ದನಿಯಲ್ಲಿ ಮದ್ರಾಸು ಪೂರ್ತಿ ಇಳಿದು ಮೈಸೂರು ಮಾತ್ರ ಉಳಿದಿತ್ತು. ನಾನು ಕೇಳಿದೆ.

“ದೇವ್ರನ್ನ ಅರ್ಧ ಹುಟ್ಟಿಸಾಕೆ ಆಗ್ತೈತೇನಲೇ?” ಅಂದರು ದೊಡ್ಡಪ್ಪ. “ದೊಡ್ಡದು ಹಾಸು ಅಂದೋನು ನೀನು.”

ಹೀಗೆ ದೇವರ ಅಜ್ಜನಿಗೆ ಎರಡನೆಯ ಸಲ ಹೆಣ್ಣು ನೋಡಲು ಹೊರಟರು. ಡ್ರೈವರು ಮತ್ತೆರಡು ಸಲ ಹಾರನ್ ಒತ್ತಿದ. ಸಹಾಯಕರು ಕಂಬಳಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಮಧ್ಯಾಹ್ನದ ಬಸ್ಸು ಹೋಯಿತು. ನನ್ನ ಅಂಗಿಯ ಜೇಬಿನಲ್ಲಿ ನನ್ನ ಹಾಡು ಬೆವರಿನಿಂದ ಮೆತ್ತಗಾಯಿತು. ಸೊಲ್ಲು ಹಿಡಿಯುವವರಲ್ಲಿ ಒಬ್ಬ ನನಗೂ ಸನ್ನೆ ಮಾಡಿದ. ಚಿತ್ರಸಾಹಿತಿಯಾದವನು ಹಿಮ್ಮೇಳದಲ್ಲಿ ಕೂಗುವುದು ತರವಲ್ಲವೆಂದು ನಾನು ಬೇರೆ ಕಡೆ ನೋಡಿದೆ. ದೇವರು ಹುಟ್ಟಿ, ಕುರಿ ಕಾಯ್ದು, ಹುಲಿ ಕೊಂದು, ಕಷ್ಟಪಟ್ಟು, ಗುಡಿ ಸೇರಿ, ಮಂಗಳವಾಗುವ ಹೊತ್ತಿಗೆ ಮೇಯಲು ಹೋಗಿದ್ದ ಕುರಿಗಳೂ ಹಿಂತಿರುಗಿದ್ದವು. ಸಹಾಯಕರನ್ನು ಇಬ್ಬರು ಹಿಡಿದು ಎಬ್ಬಿಸಿದರು. ಅವರ ಕಾಲು ಜೋಮು ಹಿಡಿದಿತ್ತು.

ಹಿರಿಯೂರಿಗೆ ಹೋಗುವ ಕಾರಿನಲ್ಲಿ ನನಗೆ ಕೊನೆಯ ಅವಕಾಶ ಸಿಕ್ಕಿತು. ಡ್ರೈವರು ಸಿಟ್ಟನ್ನೆಲ್ಲ ಗೇರಿನ ಮೇಲೆ ತೀರಿಸುತ್ತಿದ್ದ. ಸಹಾಯಕರು ಕಿಟಕಿಗೆ ತಲೆ ಆನಿಸಿ ಏನೋ ಗುನುಗುತ್ತಿದ್ದರು. ನಾನು ಮೊದಲ ಕುರಿಯ ಸಾಲನ್ನು ಎತ್ತಿಕೊಂಡೆ.

“ಒಂದು ನಿಮಿಷ ಮೇಷ್ಟ್ರೇ,” ಎಂದು ಕೈ ಎತ್ತಿದರು. “ತಲೆಯಲ್ಲಿರೋದು ಹೋಗಿಬಿಡುತ್ತೆ. ಒಂದು ಕಾಗದ ಇದ್ದರೆ ಕೊಡಿ.”

ನನ್ನ ಹತ್ತಿರ ಇದ್ದದ್ದು ಒಂದೇ ಕಾಗದ, ನನ್ನ ಹಾಡಿನದು. ಅವರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ದೀಪದ ಕೆಳಗೆ ಅದನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ದೊಡ್ಡಪ್ಪನ ಸ್ವರವನ್ನು ಸ ರಿ ಗ ಮ ಎಂದು ಬರೆದುಕೊಂಡರು. ಬೆಂಗಳೂರಿನ ರಾತ್ರಿ ಬಸ್ಸು ಹೊರಡುತ್ತಿತ್ತು. ಕಾಗದವನ್ನು ಮಡಿಸಿ ಎದೆಯ ಜೇಬಿಗೆ ಸೇರಿಸುತ್ತ ಮೆಟ್ಟಿಲು ಹತ್ತಿದರು.

“ಸಾರ್, ನನ್ನ ಹಾಡು?”

“ನೋಡೋಣ ಮೇಷ್ಟ್ರೇ, ನೋಡೋಣ.”

‘ನೋಡೋಣ’ ಎಂಬ ಪದಕ್ಕೆ ಅರ್ಥ ಹೇಳಬೇಕಾದವನು ಕನ್ನಡ ಮೇಷ್ಟ್ರು. ನಾನು ಅದನ್ನು ‘ಆಯಿತು’ ಎಂದು ಅರ್ಥೈಸಿದೆ. ಹೊಳಲ್ಕೆರೆಗೆ ಬಂದು ಸ್ಟಾಫ್ ರೂಮಿನಲ್ಲಿ, ನನ್ನ ಹಾಡು ಮದ್ರಾಸಿಗೆ ಹೋಗಿದೆ ಎಂದು ಪ್ರಕಟಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೋದದ್ದು ಯಾವ ಮಗ್ಗುಲಲ್ಲಿ ಎಂಬುದನ್ನು ಯಾರೂ ಕೇಳಲಿಲ್ಲ.

ಮರುವರ್ಷ ಚಿತ್ರ ಹಿರಿಯೂರಿಗೆ ಬಂತು. ಮ್ಯಾಟಿನಿಗೆ ಹೆಡ್‌ಮಾಸ್ತರು ಇಸ್ತ್ರಿ ಮಾಡಿದ ಕೋಟು ತೊಟ್ಟು ನಮ್ಮ ಜೊತೆ ಹೊರಟರು. ಹೆಂಡತಿ ರೇಷ್ಮೆ ಸೀರೆ ಉಡಲಿಲ್ಲ. “ಹಾಡು ಬಂದ್ ಮ್ಯಾಲೆ ಉಡ್ತೀನಿ ಬಿಡ್ರಿ,” ಅಂದಳು. ಹಟ್ಟಿಯಿಂದ ದೊಡ್ಡಪ್ಪ ಬಂದರು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಣೆ. ಗೇಟಿನವನು ಅದನ್ನು ಹೊರಗಿಡಲು ಹೇಳಿದ. ದೊಡ್ಡಪ್ಪ ಅವನನ್ನು ಸುಮ್ಮನೆ ನೋಡಿದರು. ಗಣೆ ಒಳಗೆ ಬಂತು.

ಹೆಸರುಗಳ ಸಾಲಿನಲ್ಲಿ ನಾನಿರಲಿಲ್ಲ. “ಬೇಗ ಬೇಗ ಹೋಯ್ತು ಸಾರ್, ಸರಿಯಾಗಿ ಕಾಣಲಿಲ್ಲ,” ಎಂದು ಹೆಡ್‌ಮಾಸ್ತರಿಗೆ ಹೇಳಿದೆ. ನಾಯಕಿ ಗಾಡಿಯಲ್ಲಿ ಹಳ್ಳಿಯ ಹಾದಿಗೆ ಬಂದಳು. ನಾನು ಕುರ್ಚಿಯ ತುದಿಗೆ ಸರಿದೆ. ಪಿಟೀಲುಗಳು ನಿಂತವು. ಆಗ ಪರದೆಯ ಹಿಂದಿನಿಂದ, ಯಾರದೋ ಗಂಟಲಲ್ಲಿ, ದೊಡ್ಡಪ್ಪನ ಆ “ಹೋ” ಎದ್ದು ಬಂತು. ಅದೇ ಏರು, ಅದೇ ಬಾಗು. ನಾನು ಎಲ್ಲಿದ್ದೇನೆ, ಯಾವುದಕ್ಕೆ ಕಾಯುತ್ತಿದ್ದೇನೆ ಎಂಬುದೇ ಒಂದು ಗಳಿಗೆ ಮರೆಯಿತು. ಅಷ್ಟರಲ್ಲಿ ಗಾಡಿಯ ಚಕ್ರ ಕಳಚಿ ನಾಯಕಿ ಕೆಸರಿಗೆ ಬಿದ್ದಳು. ಸ್ವರ ಕತ್ತರಿಸಿ ಹೋಯಿತು, ಕ್ಲಾರಿನೆಟ್ಟು ನಕ್ಕಿತು, ಜನ ನಕ್ಕರು.

“ಲೇ,” ಅಂದರು ದೊಡ್ಡಪ್ಪ ಕತ್ತಲಲ್ಲಿ. “ಶುರು ಮಾಡಿ ಬಿಟ್ಬಿಟ್ರು.”

“ಸಿನಿಮಾದಾಗೆ ಹಂಗೇ ದೊಡ್ಡಪ್ಪ.”

“ಯಾರಾದ್ರೂ ಎದ್ರಾ?”

“ಯಾರೂ ಏಳ್ಲಿಲ್ಲ.”

“ಮತ್ಯಾಕೆ ನಿಂತೋತು?”

ಇನ್ನೊಂದು ಪಕ್ಕದಿಂದ ಹೆಡ್‌ಮಾಸ್ತರು, “ನಿಮ್ಮ ಹಾಡು ಯಾವಾಗ ಮೇಷ್ಟ್ರೇ?” ಎಂದರು. ಇಂಟರ್‌ವಲ್ ಆದ ಮೇಲೆ ಎಂದೆ. ಇಂಟರ್‌ವಲ್ ಆದ ಮೇಲೆ ಕೇಳಿದಾಗ, ಸಾಮಾನ್ಯವಾಗಿ ಒಳ್ಳೆಯ ಹಾಡನ್ನು ಕೊನೆಗೆ ಇಟ್ಟಿರುತ್ತಾರೆ ಎಂದೆ. ಪರದೆಯ ಮೇಲೆ ‘ಶುಭಂ’ ಎಂದು ಬಂತು. ಹೆಡ್‌ಮಾಸ್ತರು ಅದನ್ನೂ ಒಂದು ಸಲ ಪೂರ್ತಿ ಓದಿದರು.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ದೊಡ್ಡಪ್ಪ ಸೈಕಲ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಹೋಗಿ, ಹೆಗಲ ಕಂಬಳಿಯನ್ನು ಕೊಡವಿ ಹಾಸಿದರು.

“ಏನು ಮಾಡ್ತೀಯ ದೊಡ್ಡಪ್ಪ?”

“ಎತ್ತಿದ ಪದ ಹಂಗೇ ಬಿಟ್ಟು ಹೋಗಾಕಾಗ್ತೈತೇನು? ಕುಂತ್ಕಳ್ಳಿ ಎಲ್ಲಾ. ಸಾರ್, ನೀವೂ ಬರ್ರಿ.”

ಹೆಡ್‌ಮಾಸ್ತರು ಕೋಟು ಸರಿಮಾಡಿಕೊಂಡು ಕೂತೇಬಿಟ್ಟರು. ಹೊಳಲ್ಕೆರೆಯ ಕಡೆ ಹೋಗುವ ಬಸ್ಸು, ದೇವರ ಅಜ್ಜ, ಹೆಣ್ಣು ನೋಡುವ ಶಾಸ್ತ್ರ ಎಲ್ಲ ನನ್ನ ಕಣ್ಣ ಮುಂದೆ ಬಂದವು.

“ದೊಡ್ಡಪ್ಪ, ಪೂರ್ತಿ ಹೇಳ್ತೀಯಾ?”

“ಪೂರ್ತಿ ಯಾಕೆ? ಇದು ಹೆಗಲ ಕಂಬಳಿ. ಇದಕ್ಕೆ ದೇವ್ರು ಹುಟ್ಟಿದ್ದೊಂದು ಹೇಳಿದ್ರೆ ಸಾಕು. ಒಂದು ಎಲಡಿಕೆ ಹಾಕ್ಕಂಡು ಉಗುಳೋ ಹೊತ್ತು.”

ನಾನು ಅವರ ಮುಖವನ್ನೇ ನೋಡಿದೆ.

“ಅವತ್ತು ಇದನ್ನೇ ಹಾಸಿದ್ರೆ?”

“ಅರ್ಧ ಗಂಟೆನಾಗೆ ಮುಗೀತಿತ್ತು. ಆಮ್ಯಾಲೆ ನಿಂದೂ ಒಂದು ಹೇಳ್ಬೋದಿತ್ತು. ನಾನು ಇದೇ ಹಾಸಾಣ ಅಂದ್ನಲ್ಲ? ನೀನೇ ಅಲ್ವೇನಲೇ, ಮದ್ರಾಸಿನೋರು, ದೊಡ್ಡದೇ ಆಗ್ಬೇಕು ಅಂದದ್ದು?”

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಳು ಬಂದು ಹಿಡಿದದ್ದಲ್ಲ.

ದೊಡ್ಡಪ್ಪ ಗಣೆಯನ್ನು ಬಾಯಿಗೆ ಹಚ್ಚಿ ಒಂದು ಉಸಿರು ನುಡಿಸಿ, ಸ್ವರ ಎತ್ತಿದರು. ಫಸ್ಟ್ ಶೋ ಟಿಕೆಟ್ಟಿನ ಸಾಲು ಅತ್ತ ತಿರುಗಿತು. ಒಂದು ನುಡಿ ಮುಗಿಯಿತು. ದೊಡ್ಡಪ್ಪ ನಿಲ್ಲಿಸಿ ಸುತ್ತ ನೋಡಿದರು. ಸೊಲ್ಲಿನವರೆಲ್ಲ ಹಟ್ಟಿಯಲ್ಲಿದ್ದರು.

“ಹಿಡಿಯಲೇ,” ಅಂದರು ನನಗೆ.

ಹಿಡಿದೆ. ಸಣ್ಣವನಿದ್ದಾಗ ಕೇಳಿದ್ದು ಎಲ್ಲೋ ಉಳಿದಿತ್ತು. ಎರಡನೆಯ ನುಡಿಯ ಹೊತ್ತಿಗೆ ಗಂಟಲು ದಾರಿ ಕಂಡುಕೊಂಡಿತು. ಚಿತ್ರಮಂದಿರದ ಆವರಣದಲ್ಲಿ ನನ್ನ ದನಿ ಮೊಳಗಿದ್ದು ಹೀಗೆ. ಗೋಡೆಯ ಹೊರಬದಿಯಲ್ಲಿ ಎಂಬುದು ನಿಜ, ಆದರೆ ಗೋಡೆಯಿಂದ ಬಹಳ ದೂರವೇನೂ ಅಲ್ಲ. ಹೆಡ್‌ಮಾಸ್ತರು ನಡುವೆ ಒಮ್ಮೆ ಗಡಿಯಾರ ನೋಡಿ ಏಳಹೊರಟರು.

“ಎದ್ರೆ ಮೊದಲಿಂದ ಸಾರ್,” ಎಂದೆ, ಸೊಲ್ಲಿನ ನಡುವೆಯೇ.

ಅವರು ಕೂತರು.

ದೇವರು ಹುಟ್ಟಿದ. ಟಿಕೆಟ್ಟಿನ ಸಾಲಿನಲ್ಲಿದ್ದ ಒಂದಿಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರು. ದೊಡ್ಡಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಸಿನಿಮಾದವರ ಕಡೆಯ ಬಾಕಿ ತೀರಿತೆಂಬಂತೆ ಹಟ್ಟಿಯ ಬಸ್ಸಿಗೆ ಹೋದರು. ನಾವು ನಮ್ಮ ಬಸ್ಸು ಹತ್ತಿದೆವು. ಹೆಂಡತಿ ಕಿಟಕಿಯ ಕಡೆ ನೋಡುತ್ತ ಆ ಸೊಲ್ಲನ್ನು ಸಣ್ಣಗೆ ಗುನುಗುತ್ತಿದ್ದಳು. ನನ್ನ ಯಾವ ಹಾಡನ್ನೂ ಅವಳು ಹಾಗೆ ಗುನುಗಿದ್ದು ನಾನು ಕೇಳಿರಲಿಲ್ಲ.

ಐಮಂಗಲ ದಾಟಿದ ಮೇಲೆ ಹೆಡ್‌ಮಾಸ್ತರು ನನ್ನ ಕಡೆ ತಿರುಗಿ, ಶಾಲೆಯ ಮರ್ಯಾದೆಯನ್ನು ಉಳಿಸಲು ಇನ್ನೊಂದು ಅವಕಾಶ ಕೊಟ್ಟರು.

“ಗಾಡಿ ಬರುವಾಗ ಒಂದು ಸ್ವರ ಬಂತಲ್ಲ ಮೇಷ್ಟ್ರೇ, ನಿಮ್ಮ ದೊಡ್ಡಪ್ಪ ಈಗ ಹೇಳಿದ್ದು. ಅದು ನಿಮ್ಮದೇ ಏನು?”

“ಅಲ್ಲ ಸಾರ್,” ಎಂದೆ. “ಅದರ ಹಿಂಬದಿ ನಂದು.”